ಹೋಮರ್ ಅಟ್ ದ ಬ್ಯಾಟ್

'ಹೋಮರ್ ಅಟ್ ದ ಬ್ಯಾಟ್' ಅಮೆರಿಕದ ಆನಿಮೇಷನ್ ಹಾಸ್ಯ ಧಾರಾವಾಹಿ 'ದ ಸಿಂಪ್ಸನ್ಸ್'ನ ಮೂರನೆಯ ಸೀಸನ್ನಿನ ಹದಿನೇಳನೆಯ ಕಂತು. ಇದು ಫಾಕ್ಸ್ ವಾಹಿನಿಯಲ್ಲಿ 1992ರ ಫೆಬ್ರವರಿ 20ರಂದು ಮೊದಲ ಬಾರಿಗೆ ಪ್ರಸಾರವಾಯಿತು. ಇದನ್ನು ಬರೆದವರು ಜಾನ್ ಸ್ವಾರ್ಟ್ಸ್‌ವೆಲ್ಡರ್, ನಿರ್ದೇಶಿಸಿದವರು ಜಿಮ್ ರಿಯರ್ಡನ್. ಅಣುವಿದ್ಯುತ್ ಸ್ಥಾವರದ ಮಾಲೀಕನೊಬ್ಬ ತನ್ನ ನೌಕರರ ಸಾಫ್ಟ್‌ಬಾಲ್ ತಂಡದ ಮೇಲೆ ಹತ್ತು ಲಕ್ಷ ಡಾಲರ್ ಬಾಜಿ ಕಟ್ಟಿ, ಅದನ್ನು ಗೆಲ್ಲಲು ವೃತ್ತಿಪರ ಬೇಸ್‌ಬಾಲ್ ಆಟಗಾರರನ್ನು ಬಾಡಿಗೆಗೆ ತರುವುದು ಇದರ ವಸ್ತು. ಆ ಕಾಲದ ಒಂಬತ್ತು ಪ್ರಸಿದ್ಧ ಆಟಗಾರರು ತಮ್ಮ ಪಾತ್ರಗಳಿಗೆ ತಾವೇ ಧ್ವನಿ ನೀಡಿದ್ದಾರೆ. ಹಳೆಯ ಆಟಗಾರರು, ಒಂದು ಕವಿತೆ, ಒಂದು ಕಾದಂಬರಿ ಮತ್ತು ಅದರ ಚಲನಚಿತ್ರ, ಒಂದು ಹಾಡು, ಕ್ರೀಡಾಂಗಣದ ಕೂಗು, ಬೇಸ್‌ಬಾಲ್ ಹಾಗೂ ಜೂಜಿನ ಹಳೆಯ ವೈರ ಎಲ್ಲವೂ ಸುಮಾರು ಇಪ್ಪತ್ತೆರಡು ನಿಮಿಷಗಳ ಈ ಕಥೆಯಲ್ಲಿ ಬಂದುಹೋಗುತ್ತವೆ. ಬೇಸ್‌ಬಾಲಿನ ಪರಿಚಯವಿಲ್ಲದ ವೀಕ್ಷಕರಿಗೆ ಇವುಗಳಲ್ಲಿ ಅರ್ಧದಷ್ಟು ಕಣ್ಣಿಗೇ ಬೀಳುವುದಿಲ್ಲ.

ಕಥಾಸಾರ

ಸ್ಪ್ರಿಂಗ್‌ಫೀಲ್ಡ್ ಅಣುವಿದ್ಯುತ್ ಸ್ಥಾವರದ ಸಾಫ್ಟ್‌ಬಾಲ್ ತಂಡ ಸೋಲಿಗೆ ಹೆಸರಾದದ್ದು. ಈ ವರ್ಷ ಹೋಮರ್ ಸಿಂಪ್ಸನ್ ಸಿಡಿಲು ಬಡಿದ ಮರದ ಕೊಂಬೆಯಿಂದ ತಾನೇ ಕೆತ್ತಿದ ಬ್ಯಾಟನ್ನು ತರುತ್ತಾನೆ. ಅದಕ್ಕೆ 'ವಂಡರ್‌ಬ್ಯಾಟ್' ಎಂದು ಹೆಸರು. ಅದರ ಬಲದಿಂದ ತಂಡ ಗೆಲ್ಲುತ್ತ ಗೆಲ್ಲುತ್ತ ಅಂತಿಮ ಪಂದ್ಯವನ್ನು ತಲುಪುತ್ತದೆ. ಎದುರಾಳಿ ಪಕ್ಕದ ಊರಾದ ಶೆಲ್ಬಿವಿಲ್ಲಿನ ಸ್ಥಾವರದ ತಂಡ.

ಈ ಹಂತದಲ್ಲಿ ಮಾಲೀಕ ಮಿಸ್ಟರ್ ಬರ್ನ್ಸ್ ಶೆಲ್ಬಿವಿಲ್ ಸ್ಥಾವರದ ಒಡೆಯ ಅರಿಸ್ಟಾಟಲ್ ಅಮಡಾಪೊಲಿಸ್‌ನೊಡನೆ ಹತ್ತು ಲಕ್ಷ ಡಾಲರಿನ ಪಣ ಕಟ್ಟುತ್ತಾನೆ. ಗೆಲುವನ್ನು ಖಚಿತಪಡಿಸಿಕೊಳ್ಳಲು ಒಂಬತ್ತು ವೃತ್ತಿಪರರನ್ನು ಸ್ಥಾವರದ ನೌಕರರೆಂದು ಹೆಸರಿಗೆ ನೇಮಿಸಿಕೊಳ್ಳುತ್ತಾನೆ. ವರ್ಷವಿಡೀ ಆಡಿ ಗೆದ್ದ ನಿಜವಾದ ನೌಕರರು ಬೆಂಚಿಗೆ ಸರಿಯಬೇಕಾಗುತ್ತದೆ. ಅಭ್ಯಾಸದ ವೇಳೆ ರೋಜರ್ ಕ್ಲೆಮೆನ್ಸ್ ಎಸೆದ ಚೆಂಡಿಗೆ ಸಿಕ್ಕಿ ವಂಡರ್‌ಬ್ಯಾಟ್ ಚೂರುಚೂರಾಗುತ್ತದೆ.

ಆದರೆ ಪಂದ್ಯಕ್ಕೆ ಮುನ್ನ ಒಂಬತ್ತರಲ್ಲಿ ಎಂಟು ಮಂದಿ ಒಂದಲ್ಲ ಒಂದು ವಿಚಿತ್ರ ಆಪತ್ತಿಗೆ ತುತ್ತಾಗುತ್ತಾರೆ. ಉಳಿಯುವವನು ಡ್ಯಾರಿಲ್ ಸ್ಟ್ರಾಬೆರಿ ಮಾತ್ರ. ದುರದೃಷ್ಟವಶಾತ್ ಅವನದು ಹೋಮರ್ ಆಡುವ ಬಲಭಾಗದ ಮೈದಾನದ ಸ್ಥಾನವೇ. ಉಳಿದ ನೌಕರರು ತಂಡಕ್ಕೆ ಮರಳಿದರೂ ಹೋಮರ್ ಬೆಂಚಿನಲ್ಲೇ ಕೂರುತ್ತಾನೆ. ಕೊನೆಯ ಇನ್ನಿಂಗ್ಸ್, ಎರಡೂ ತಂಡಗಳು 43ರಲ್ಲಿ ಸಮ, ಇಬ್ಬರು ಔಟ್, ಮೂರೂ ಬೇಸ್‌ಗಳಲ್ಲಿ ಓಟಗಾರರು. ಆಗ ಬರ್ನ್ಸ್, ಅದೇ ದಿನ ಒಂಬತ್ತು ಹೋಮ್‌ರನ್ ಹೊಡೆದಿರುವ ಸ್ಟ್ರಾಬೆರಿಯನ್ನು ಹಿಂದಕ್ಕೆ ಕರೆದು ಹೋಮರ್‌ನನ್ನು ಕಳಿಸುತ್ತಾನೆ. ಬರ್ನ್ಸ್ ಮಾಡುವ ಕೈಸನ್ನೆಗಳನ್ನು ನೋಡಿ ಗೊಂದಲಕ್ಕೊಳಗಾದ ಹೋಮರ್‌ನ ತಲೆಗೆ ಚೆಂಡು ಬಡಿಯುತ್ತದೆ. ಆಟದ ನಿಯಮದಂತೆ ಚೆಂಡು ತಾಗಿದ ಬ್ಯಾಟರ್‌ಗೆ ಮೊದಲ ಬೇಸ್ ದೊರೆಯುತ್ತದೆ. ಬೇಸ್‌ಗಳೆಲ್ಲ ತುಂಬಿದ್ದರಿಂದ ಪ್ರತಿಯೊಬ್ಬ ಓಟಗಾರನೂ ಒಂದೊಂದು ಹೆಜ್ಜೆ ಮುಂದೆ ಸರಿದು, ಮೂರನೆಯ ಬೇಸಿನಲ್ಲಿದ್ದವನು ಮನೆ ಮುಟ್ಟುತ್ತಾನೆ. ಪಂದ್ಯ ಗೆದ್ದಾಯಿತು. ಪ್ರಜ್ಞೆಯಿಲ್ಲದ ಹೋಮರ್‌ನನ್ನು ಹೀರೋ ಎಂದು ಮೆರವಣಿಗೆ ಮಾಡುತ್ತಾರೆ.

ಬಾಜಿಯ ಹಿನ್ನೆಲೆ

ಕಂತಿನಲ್ಲಿ ಬಾಜಿ ಕಟ್ಟುವುದನ್ನು ಯಾರೂ ತಪ್ಪೆಂದು ಹೇಳುವುದಿಲ್ಲ. ಇಬ್ಬರು ಶ್ರೀಮಂತರು ಸಲೀಸಾಗಿ ಮಾತಾಡಿಕೊಂಡು ಮುಗಿಸುತ್ತಾರೆ. ಆದರೆ ಬೇಸ್‌ಬಾಲಿನ ಇತಿಹಾಸದಲ್ಲಿ ಜೂಜಿಗಿಂತ ದೊಡ್ಡ ಪಾಪವಿಲ್ಲ. ಈ ವೈರುಧ್ಯ ತಿಳಿದಿದ್ದರೆ ಕಂತಿನ ಹಾಸ್ಯಕ್ಕೆ ಇನ್ನೊಂದು ಪದರ ಸೇರುತ್ತದೆ.

1919ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡವು ಸಿನ್ಸಿನಾಟಿ ರೆಡ್ಸ್‌ಗೆ ಸೋತಿತು. ಜೂಜುಕೋರರಿಂದ ಹಣ ಪಡೆದು ಬೇಕೆಂದೇ ಸೋತರೆಂಬ ಆರೋಪ ಎಂಟು ಆಟಗಾರರ ಮೇಲೆ ಬಂತು. 1921ರಲ್ಲಿ ನ್ಯಾಯಾಲಯ ಅವರನ್ನು ದೋಷಮುಕ್ತಗೊಳಿಸಿತು. ಆದರೂ ಬೇಸ್‌ಬಾಲ್ ಆಯುಕ್ತ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟೂ ಮಂದಿಯನ್ನು ಆಟದಿಂದ ಶಾಶ್ವತವಾಗಿ ಹೊರಹಾಕಿದರು. ಇದು 'ಬ್ಲ್ಯಾಕ್ ಸಾಕ್ಸ್ ಹಗರಣ' ಎಂದು ಪ್ರಸಿದ್ಧವಾಗಿದೆ. ಆ ಎಂಟು ಮಂದಿಯಲ್ಲಿ ಅತಿ ದೊಡ್ಡ ಆಟಗಾರ 'ಶೂಲೆಸ್' ಜೋ ಜಾಕ್ಸನ್. ಬರ್ನ್ಸ್ ಮೊದಲು ಸಿದ್ಧಪಡಿಸುವ ಕನಸಿನ ತಂಡದ ಪಟ್ಟಿಯಲ್ಲಿ ಜಾಕ್ಸನ್‌ನ ಹೆಸರೂ ಇದೆ. ಬಾಜಿ ಗೆಲ್ಲಲು ಕಟ್ಟುವ ತಂಡಕ್ಕೆ ಬಾಜಿಯಿಂದಲೇ ಕೆಟ್ಟ ಆಟಗಾರನನ್ನು ಆರಿಸುವ ಈ ತಮಾಷೆಯನ್ನು ಕಂತು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಕಂತು ಪ್ರಸಾರವಾದಾಗ ಇನ್ನೊಂದು ಪ್ರಕರಣ ಜನರ ನೆನಪಿನಲ್ಲಿ ಹಸಿಯಾಗಿತ್ತು. ಸಿನ್ಸಿನಾಟಿ ರೆಡ್ಸ್‌ನ ವ್ಯವಸ್ಥಾಪಕ ಪೀಟ್ ರೋಸ್ ಬಾಜಿ ಕಟ್ಟಿದ ಕಾರಣಕ್ಕೆ 1989ರ ಆಗಸ್ಟ್‌ನಲ್ಲಿ ಶಾಶ್ವತ ನಿಷೇಧಕ್ಕೊಳಗಾದರು. ತಮ್ಮ ತಂಡದ ಗೆಲುವಿನ ಮೇಲೆಯೇ ಬಾಜಿ ಕಟ್ಟುತ್ತಿದ್ದುದಾಗಿ ಅವರು 2004ರಲ್ಲಿ ಒಪ್ಪಿಕೊಂಡರು. ಗೆಲುವಿನ ಮೇಲೆ ಕಟ್ಟಿದರೆ ತಪ್ಪೇನು ಎಂದು ಕೇಳುವವರು ಇಂದಿಗೂ ಇದ್ದಾರೆ. ಬೇಸ್‌ಬಾಲಿನ 21ನೆಯ ನಿಯಮ ಈ ಭೇದವನ್ನು ಮಾನ್ಯ ಮಾಡುವುದಿಲ್ಲ: ತಾನು ಪಾಲ್ಗೊಳ್ಳುವ ಪಂದ್ಯದ ಮೇಲೆ ಬಾಜಿ ಕಟ್ಟಿದವನಿಗೆ, ಗೆಲುವಿನ ಕಡೆಗಾದರೂ ಸೋಲಿನ ಕಡೆಗಾದರೂ, ಶಾಶ್ವತ ನಿಷೇಧ. ಕಾರಣ ಸರಳ. ಹಣ ಕಟ್ಟಿದ ವ್ಯವಸ್ಥಾಪಕನ ಪ್ರತಿಯೊಂದು ನಿರ್ಧಾರವೂ ತಂಡದ ಒಳಿತಿಗಲ್ಲ, ಆ ದಿನದ ಪಣಕ್ಕೆ ಬದ್ಧವಾಗುತ್ತದೆ. ಈ ಮಾತನ್ನು ವಿವರಿಸಲು ಬರ್ನ್ಸ್‌ಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಅವನು ಕಟ್ಟಿದ್ದು ತನ್ನ ತಂಡದ ಗೆಲುವಿನ ಮೇಲೆಯೇ. ಹಾಗಿದ್ದೂ ಹಾನಿಗೊಳಗಾದವರು ಅವನ ತಂಡದವರೇ. ಊರೂರ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳಲ್ಲಿ ಫೈನಲ್ಲಿಗೆ ಹೊರಗಿನ ಆಟಗಾರರು ಬಂದಿಳಿದು, ಊರ ಹುಡುಗರು ಬೌಂಡರಿ ಗೆರೆಯಾಚೆ ನಿಂತು ನೋಡಿದ್ದನ್ನು ಬಲ್ಲವರಿಗೆ ಹೋಮರ್‌ನ ಮುಖಭಾವ ಪರಿಚಿತವೆನಿಸುತ್ತದೆ.

2025ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯು ಮೃತ ಆಟಗಾರರನ್ನು ಶಾಶ್ವತ ನಿಷೇಧದ ಪಟ್ಟಿಯಿಂದ ತೆಗೆದುಹಾಕಿದ ಮೇಲೆ ಜಾಕ್ಸನ್ ಮತ್ತು ರೋಸ್ ಇಬ್ಬರ ಹೆಸರುಗಳೂ ಆ ಪಟ್ಟಿಯಿಂದ ಬಿಟ್ಟುಹೋದವು.

ಸಾಂಸ್ಕೃತಿಕ ಉಲ್ಲೇಖಗಳು

ಶೀರ್ಷಿಕೆಯು ಅರ್ನೆಸ್ಟ್ ಲಾರೆನ್ಸ್ ಥೇಯರ್ ಬರೆದ 'ಕೇಸಿ ಅಟ್ ದ ಬ್ಯಾಟ್' ಎಂಬ ಹಾಸ್ಯ ಕವಿತೆಯನ್ನು ನೆನಪಿಸುತ್ತದೆ. 1888ರ ಜೂನ್ 3ರಂದು 'ಸ್ಯಾನ್ ಫ್ರಾನ್ಸಿಸ್ಕೊ ಎಕ್ಸಾಮಿನರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಕವಿತೆಯನ್ನು ಅಮೆರಿಕದ ಶಾಲಾಮಕ್ಕಳು ತಲೆಮಾರುಗಳಿಂದ ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಮಡ್‌ವಿಲ್ ಎಂಬ ಊರಿನ ಜನ ನಂಬಿ ಕಾದಿದ್ದ ಮಹಾ ಬ್ಯಾಟರ್ ಕೇಸಿ ನಿರ್ಣಾಯಕ ಗಳಿಗೆಯಲ್ಲಿ ಗರ್ವದಿಂದ ಔಟಾಗಿ ಊರನ್ನೇ ದುಃಖಕ್ಕೆ ತಳ್ಳುತ್ತಾನೆ. ಸ್ವಾರ್ಟ್ಸ್‌ವೆಲ್ಡರ್ ಇದನ್ನು ತಲೆಕೆಳಗು ಮಾಡಿದ್ದಾರೆ. ಕೇಸಿ ಸಮರ್ಥನಾಗಿದ್ದು ಸೋಲುತ್ತಾನೆ. ಹೋಮರ್ ಬ್ಯಾಟನ್ನೇ ಬೀಸದೆ ಗೆಲ್ಲುತ್ತಾನೆ.

ವಂಡರ್‌ಬ್ಯಾಟಿನ ಮೂಲ 'ದ ನ್ಯಾಚುರಲ್'. ಬರ್ನಾರ್ಡ್ ಮಲಮಡ್ 1952ರಲ್ಲಿ ಬರೆದ ಈ ಕಾದಂಬರಿಯನ್ನು ಬ್ಯಾರಿ ಲೆವಿನ್ಸನ್ 1984ರಲ್ಲಿ ಚಲನಚಿತ್ರವಾಗಿಸಿದರು. ನಾಯಕ ರಾಯ್ ಹಾಬ್ಸ್‌ನ ಪಾತ್ರ ರಾಬರ್ಟ್ ರೆಡ್‌ಫರ್ಡ್ ಅವರದು. ಚಿತ್ರದಲ್ಲಿ ಸಿಡಿಲು ಬಡಿದ ಮರದಿಂದ ಮಾಡಿದ 'ವಂಡರ್‌ಬಾಯ್' ಎಂಬ ಬ್ಯಾಟ್ ಹಾಬ್ಸ್‌ನ ಅದೃಷ್ಟ. ಇಲ್ಲಿಯೂ ಜೂಜು ಇದೆಯೆಂಬುದನ್ನು ಸಾಮಾನ್ಯವಾಗಿ ಯಾರೂ ಎತ್ತಿ ತೋರಿಸುವುದಿಲ್ಲ. ಕಾದಂಬರಿಯಲ್ಲಿ ಪಂದ್ಯವನ್ನು ಸೋಲಲೆಂದು ಹಾಬ್ಸ್ ಲಂಚಕ್ಕೆ ಒಪ್ಪಿಕೊಳ್ಳುತ್ತಾನೆ, ಕೊನೆಗೆ ಕೇಸಿಯಂತೆಯೇ ಔಟಾಗುತ್ತಾನೆ. ಹಾಲಿವುಡ್ ಆ ಕಹಿಯನ್ನು ಬದಲಿಸಿ, ಲಂಚವನ್ನು ತಿರಸ್ಕರಿಸಿದ ಹಾಬ್ಸ್ ದೀಪಗಳು ಸಿಡಿಯುವಂತೆ ಹೋಮ್‌ರನ್ ಹೊಡೆಯುವಂತೆ ಮಾಡಿತು. 'ಸಿಂಪ್ಸನ್ಸ್' ಇವೆರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿಯಿತು. ಜೋ ಜಾಕ್ಸನ್‌ನ ಬ್ಯಾಟಿಗೂ 'ಬ್ಲ್ಯಾಕ್ ಬೆಟ್ಸಿ' ಎಂಬ ಹೆಸರಿತ್ತು. ಹೆಸರುಳ್ಳ ಬ್ಯಾಟಿನ ಪರಂಪರೆ ಹೋಮರ್‌ನಿಗಿಂತ ಬಹಳ ಹಳೆಯದು.

ಬರ್ನ್ಸ್‌ನ ಮೊದಲ ಪಟ್ಟಿಯನ್ನು ನೋಡಿದ ಸಹಾಯಕ ಸ್ಮಿದರ್ಸ್, ಇವರೆಲ್ಲ ನಿವೃತ್ತರು ಮತ್ತು ಮೃತರು, ಬಲಭಾಗದ ಆಟಗಾರನಂತೂ ಸತ್ತು 130 ವರ್ಷವಾಯಿತೆಂದು ವಿನಯದಿಂದ ತಿಳಿಸುತ್ತಾನೆ. ಈ ಲೆಕ್ಕ ಕರಾರುವಾಕ್ಕಾಗಿದೆ. ಪಟ್ಟಿಯಲ್ಲಿರುವ ಜಿಮ್ ಕ್ರೈಟನ್ ಬೇಸ್‌ಬಾಲಿನ ಮೊದಲ ತಾರೆಗಳಲ್ಲೊಬ್ಬ. ಅವನು ತೀರಿಕೊಂಡದ್ದು 1862ರಲ್ಲಿ, 21ನೆಯ ವಯಸ್ಸಿನಲ್ಲಿ. ಬಾಲ್ಯದ ಅಪಘಾತದಲ್ಲಿ ಬೆರಳು ಕಳೆದುಕೊಂಡು ಆ ಕೈಯಿಂದಲೇ ವಿಚಿತ್ರವಾಗಿ ತಿರುಗುವ ಚೆಂಡನ್ನೆಸೆದ ಮಾರ್ಡಕೈ 'ತ್ರೀ ಫಿಂಗರ್' ಬ್ರೌನ್, ಹೋನಸ್ ವಾಗ್ನರ್, ಕ್ಯಾಪ್ ಆನ್ಸನ್ ಮೊದಲಾದವರೂ ಅದರಲ್ಲಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಆನ್ಸನ್ ಕಪ್ಪು ವರ್ಣದ ಆಟಗಾರರಿರುವ ತಂಡದೊಡನೆ ಆಡಲು ನಿರಾಕರಿಸುತ್ತಿದ್ದವನು. ಅವನ ಬದಲಿಗೆ ಬಂದ ಒಂಬತ್ತು ಮಂದಿಯಲ್ಲಿ ಸ್ಟ್ರಾಬೆರಿ, ಆಜಿ ಸ್ಮಿತ್ ಮತ್ತು ಕೆನ್ ಗ್ರಿಫಿ ಜೂನಿಯರ್ ಇದ್ದಾರೆ. ಬರ್ನ್ಸ್‌ನ ಮನಸ್ಸು ಯಾವ ಶತಮಾನದಲ್ಲಿ ನಿಂತುಹೋಗಿದೆ ಎಂಬುದನ್ನು ಒಂದು ಕಾಗದದ ಚೂರು ಹೇಳಿಬಿಡುತ್ತದೆ.

ಎಂಟು ಮಂದಿಯ ಆಪತ್ತುಗಳಲ್ಲಿ ಕೆಲವು ಬರಿಯ ಅಸಂಬದ್ಧ ಹಾಸ್ಯ. ಕ್ಲೆಮೆನ್ಸ್ ವಶೀಕರಣಕ್ಕೊಳಗಾಗಿ ತಾನು ಕೋಳಿಯೆಂದು ಭಾವಿಸುತ್ತಾನೆ. ಸ್ಮಿತ್ 'ನಿಗೂಢ ತಾಣ'ವೊಂದನ್ನು ನೋಡಲು ಹೋಗಿ ಅದರ ಪಾತಾಳಕ್ಕೆ ಬೀಳುತ್ತಾನೆ. ಹೊಸೆ ಕ್ಯಾನ್ಸೆಕೊ ಉರಿಯುವ ಮನೆಯಿಂದ ಹೆಂಗಸೊಬ್ಬಳ ಸಾಮಾನುಗಳನ್ನು ಹೊರುವುದರಲ್ಲೇ ದಿನ ಕಳೆಯುತ್ತಾನೆ. ವೇಡ್ ಬಾಗ್ಸ್ ಮತ್ತು ಕುಡುಕ ಬಾರ್ನಿಯ ಜಗಳಕ್ಕೆ ಕಾರಣ ಇಂಗ್ಲೆಂಡಿನ ಅತಿ ಶ್ರೇಷ್ಠ ಪ್ರಧಾನಿ ಯಾರೆಂಬ ಪ್ರಶ್ನೆ. ಬಾಗ್ಸ್ ಪಕ್ಷ ಹಿರಿಯ ವಿಲಿಯಂ ಪಿಟ್, ಬಾರ್ನಿಯ ಪಕ್ಷ ಲಾರ್ಡ್ ಪಾಮರ್‌ಸ್ಟನ್. ಹೆಂಡದಂಗಡಿಯಲ್ಲಿ ಹದಿನೆಂಟು–ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ರಾಜಕಾರಣ ಗುದ್ದಾಟಕ್ಕೆ ತಿರುಗುತ್ತದೆ. ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ ಇಂಥ ಉತ್ಸಾಹವನ್ನು ಕಂಡಿರುವುದು ಅಪರೂಪ.

ಇನ್ನು ಕೆಲವು ಆಪತ್ತುಗಳಿಗೆ ನಿಜಜೀವನದ ನಂಟಿದೆ. ಸ್ಟೀವ್ ಸ್ಯಾಕ್ಸ್ ತಾನು ನ್ಯೂಯಾರ್ಕಿನವನೆಂದು ತಿಳಿಸಿದ್ದೇ ತಡ, ಆ ನಗರದ ಬಗೆಹರಿಯದ ಎಲ್ಲ ಕೊಲೆಗಳೂ ಅವನ ತಲೆಗೇ ಬರುತ್ತವೆ. ನ್ಯೂಯಾರ್ಕಿನ ಅಪರಾಧಗಳ ಕುಖ್ಯಾತಿ ಆಗ ಉತ್ತುಂಗದಲ್ಲಿತ್ತು. ಆದರೆ ಪ್ರಸಾರದ ಹೊತ್ತಿಗೆ ಸ್ಯಾಕ್ಸ್ ನ್ಯೂಯಾರ್ಕ್ ಯಾಂಕೀಸ್ ಬಿಟ್ಟಾಗಿತ್ತು. 1992ರ ಜನವರಿಯಲ್ಲಿ ಅವರನ್ನು ಶಿಕಾಗೊ ವೈಟ್ ಸಾಕ್ಸ್‌ಗೆ ಕಳಿಸಲಾಗಿತ್ತು.

ಡಾನ್ ಮ್ಯಾಟಿಂಗ್ಲಿಯ ಪ್ರಸಂಗ ಇವೆಲ್ಲಕ್ಕಿಂತ ಪ್ರಸಿದ್ಧ. ಕೆನ್ನೆಗೂದಲನ್ನು ತೆಗೆಯಬೇಕೆಂದು ಬರ್ನ್ಸ್ ಅವನನ್ನು ಗದರುತ್ತಾನೆ. ಮ್ಯಾಟಿಂಗ್ಲಿ ತಲೆಯ ಎರಡೂ ಬದಿಗಳನ್ನು ಬೋಳಿಸಿಕೊಂಡು ಬಂದರೂ ತೃಪ್ತಿಯಿಲ್ಲದೆ ತಂಡದಿಂದ ಓಡಿಸುತ್ತಾನೆ. 1991ರ ಆಗಸ್ಟ್‌ನಲ್ಲಿ ಯಾಂಕೀಸ್ ತಂಡ ಮ್ಯಾಟಿಂಗ್ಲಿಯನ್ನು ಕೂದಲು ಕತ್ತರಿಸದ ಕಾರಣಕ್ಕೆ ಪಂದ್ಯದಿಂದ ಕೈಬಿಟ್ಟಿತ್ತು. ಈ ದೃಶ್ಯ ಆ ಸುದ್ದಿಯ ಅಣಕವೆಂದು ಅನೇಕರು ನಂಬಿದ್ದಾರೆ. ವಾಸ್ತವ ಇದಕ್ಕೆ ವ್ಯತಿರಿಕ್ತ: ಮ್ಯಾಟಿಂಗ್ಲಿ ಧ್ವನಿಮುದ್ರಣ ಮುಗಿಸಿದ ಮೇಲೆ ಆ ಘಟನೆ ನಡೆಯಿತು. ಹೊರಹೋಗುವಾಗ ಮ್ಯಾಟಿಂಗ್ಲಿ, ಏನಾದರೂ ಸ್ಟೈನ್‌ಬ್ರೆನರ್‌ಗಿಂತ ಈತನೇ ವಾಸಿ ಎಂಬರ್ಥದಲ್ಲಿ ಗೊಣಗುತ್ತಾನೆ. ಯಾಂಕೀಸ್ ಒಡೆಯ ಜಾರ್ಜ್ ಸ್ಟೈನ್‌ಬ್ರೆನರ್ ಆಗ ತಮ್ಮ ತಂಡದ ದೈನಂದಿನ ಆಡಳಿತದಿಂದ ದೂರವಿಡಲ್ಪಟ್ಟಿದ್ದರು. ತಮ್ಮದೇ ಆಟಗಾರ ಡೇವ್ ವಿನ್‌ಫೀಲ್ಡ್ ವಿರುದ್ಧ ಮಾಹಿತಿ ಕಲೆಹಾಕಲು ಜೂಜುಗಾರನೊಬ್ಬನಿಗೆ ಹಣ ಕೊಟ್ಟದ್ದು ಅದಕ್ಕೆ ಕಾರಣ. ಆಯುಕ್ತರು 1990ರಲ್ಲಿ ವಿಧಿಸಿದ ಈ ನಿಷೇಧ 1993ರವರೆಗೆ ಜಾರಿಯಲ್ಲಿತ್ತು. ಹೀಗೆ ಜೂಜು ಈ ಸಣ್ಣ ಗೊಣಗಾಟದಲ್ಲೂ ಇಣುಕುತ್ತದೆ.

ಪಂದ್ಯದ ನಡುವೆ ಬಾರ್ಟ್ ಮತ್ತು ಲೀಸಾ ಸ್ಟ್ರಾಬೆರಿಯ ಹೆಸರನ್ನು ರಾಗವಾಗಿ ಎಳೆದು ಕೂಗುತ್ತಾರೆ. ವೃತ್ತಿಪರರಿಗೆ ಇಂಥದ್ದು ಮಾಮೂಲು, ನೋವಾಗುವುದಿಲ್ಲ ಎಂದು ಲೀಸಾ ತಾಯಿಗೆ ಸಮಾಧಾನ ಹೇಳುತ್ತಿರುವಾಗ ಸ್ಟ್ರಾಬೆರಿಯ ಕಣ್ಣಿಂದ ಹನಿಯೊಂದು ಉರುಳುತ್ತದೆ. 1986ರ ವರ್ಲ್ಡ್ ಸೀರೀಸ್‌ನಲ್ಲಿ ಬಾಸ್ಟನ್ನಿನ ಪ್ರೇಕ್ಷಕರು ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿದ್ದ ಸ್ಟ್ರಾಬೆರಿಯನ್ನು ಹೀಗೆಯೇ ಕಾಡಿದ್ದರು. ಇಡೀ ಕಂತಿನಲ್ಲಿ ತಾರೆಯೊಬ್ಬ ಮನುಷ್ಯನಾಗಿ ಕಾಣುವ ಕ್ಷಣ ಇದೊಂದೇ.

ಕೊನೆಯ ಹಾಡು ಟೆರಿ ಕ್ಯಾಶ್‌ಮನ್ ಅವರ 1981ರ 'ಟಾಕಿನ್ ಬೇಸ್‌ಬಾಲ್' ಗೀತೆಯ ಅಣಕ. 'ಟಾಕಿನ್ ಸಾಫ್ಟ್‌ಬಾಲ್' ಎಂಬ ಈ ರೂಪವನ್ನು ಕ್ಯಾಶ್‌ಮನ್ ಅವರೇ ಹಾಡಿದ್ದಾರೆ.

ನಿರಂತರತೆ

ಆನಿಮೇಷನ್ ಹಾಸ್ಯ ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಒಂದು ಕಂತಿನ ಘಟನೆ ಮುಂದಿನದರಲ್ಲಿ ಅಳಿಸಿಹೋಗಿರುತ್ತದೆ. ಪಾತ್ರಗಳಿಗೆ ವಯಸ್ಸಾಗುವುದಿಲ್ಲ, ಮುರಿದದ್ದು ತಾನೇ ಕೂಡಿಕೊಳ್ಳುತ್ತದೆ. ಈ ಕಂತು ಆ ರೂಢಿಗೆ ಹೊರತಲ್ಲ. ಆದರೂ ಹಿಂದಕ್ಕೂ ಮುಂದಕ್ಕೂ ಹಲವು ಎಳೆಗಳು ಚಾಚಿಕೊಂಡಿವೆ.

ಅಮಡಾಪೊಲಿಸ್ ಮೊದಲು ಕಾಣಿಸಿಕೊಂಡದ್ದು ಇದೇ ಸೀಸನ್ನಿನ 'ಹೋಮರ್ ಡಿಫೈನ್ಡ್' ಕಂತಿನಲ್ಲಿ (1991ರ ಅಕ್ಟೋಬರ್ 17). ಅಲ್ಲಿ ಅವನಿಗೆ ಜಾನ್ ಲೊವಿಟ್ಸ್ ಧ್ವನಿ ನೀಡಿದ್ದರೆ ಇಲ್ಲಿ ಡ್ಯಾನ್ ಕ್ಯಾಸ್ಟೆಲನೆಟಾ ನೀಡಿದ್ದಾರೆ. ಆ ಕಂತಿನಲ್ಲಿ ಹೋಮರ್ ಕಣ್ಣಿಗೆ ಬಿದ್ದ ಗುಂಡಿಯೊಂದನ್ನು ಮಕ್ಕಳ ಎಣಿಕೆಯಾಟದಂತೆ ಆರಿಸಿ ಒತ್ತಿ ಸ್ಥಾವರವನ್ನು ಸ್ಫೋಟದಿಂದ ಪಾರುಮಾಡುತ್ತಾನೆ. ಅಮಡಾಪೊಲಿಸ್ ಅವನನ್ನು ಶೆಲ್ಬಿವಿಲ್‌ಗೆ ಭಾಷಣಕ್ಕೆ ಕರೆಸಿದಾಗ ಅದೇ ಆಪತ್ತು, ಅದೇ ಎಣಿಕೆ, ಅದೇ ಅದೃಷ್ಟ. ಬುದ್ಧಿಯಿಲ್ಲದಿದ್ದರೂ ಗೆದ್ದುಬಿಡುವುದಕ್ಕೆ ಹೋಮರ್‌ನ ಹೆಸರೇ ನಿಘಂಟಿನಲ್ಲಿ ಸೇರುತ್ತದೆ. ನಾಲ್ಕು ತಿಂಗಳ ಬಳಿಕ ಅದೇ ಅಮಡಾಪೊಲಿಸ್ ಅದೇ ಬಗೆಯ ಗೆಲುವಿಗೆ ಹತ್ತು ಲಕ್ಷ ಡಾಲರ್ ತೆರುತ್ತಾನೆ. ಇಂಗ್ಲಿಷಿನಲ್ಲಿ 'ಹೋಮರ್' ಎಂದರೆ ಹೋಮ್‌ರನ್ ಎಂಬ ಅರ್ಥವೂ ಇರುವುದರಿಂದ ಶ್ಲೇಷೆ ಪೂರ್ಣವಾಗುತ್ತದೆ. ಎರಡು ಕಂತುಗಳನ್ನು ಒಟ್ಟಿಗೆ ನೋಡಿದವರಿಗೆ ಮುಕ್ತಾಯ ಕೇವಲ ಆಕಸ್ಮಿಕವೆನಿಸದು.

ಜೂಜಿನ ವಿಷಯವೂ ಆ ಸೀಸನ್ನಿಗೆ ಹೊಸದಲ್ಲ. ಕೇವಲ ನಾಲ್ಕು ವಾರಗಳ ಹಿಂದೆ, 1992ರ ಜನವರಿ 23ರಂದು ಪ್ರಸಾರವಾದ 'ಲೀಸಾ ದ ಗ್ರೀಕ್'ನಲ್ಲಿ ಹೋಮರ್ ತನ್ನ ಮಗಳ ಜಾಣ್ಮೆಯನ್ನು ಫುಟ್‌ಬಾಲ್ ಬಾಜಿಗೆ ಬಳಸಿಕೊಳ್ಳುತ್ತಾನೆ. ಅಲ್ಲಿ ಬಾಜಿಯಿಂದ ಮಗಳ ಮನಸ್ಸು ನೋಯುತ್ತದೆ, ಅದಕ್ಕೆ ಹೋಮರ್ ಬೆಲೆ ತೆರಬೇಕಾಗುತ್ತದೆ. ಇಲ್ಲಿ ಬರ್ನ್ಸ್ ಯಾವ ಬೆಲೆಯನ್ನೂ ತೆರುವುದಿಲ್ಲ. ಅವನು ಊರಿನಲ್ಲಿ ಕ್ಯಾಸಿನೊವನ್ನೇ ತೆರೆಯುವ ಕಂತು 1993ರ ಡಿಸೆಂಬರ್‌ನಲ್ಲಿ ಬಂತು.

ಮುಂದಿನ ಎಳೆ ಹದಿನೆಂಟು ವರ್ಷಗಳಾಚೆಯದು. ಈ ಕಂತಿನಲ್ಲಿ ಮೈಕ್ ಸೋಷಾ ಸ್ಥಾವರದ ಕೆಲಸವನ್ನು ನಿಜವಾಗಿಯೂ ಶ್ರದ್ಧೆಯಿಂದ ಮಾಡಿ ವಿಕಿರಣದ ಕಾಯಿಲೆಗೆ ಬೀಳುತ್ತಾನೆ. 2010ರ ಅಕ್ಟೋಬರ್ 10ರಂದು ಪ್ರಸಾರವಾದ 'ಮನಿಬಾರ್ಟ್' ಕಂತಿನಲ್ಲಿ ಅವನು ಮರಳಿ ಬಂದು, ಆ ವಿಕಿರಣವೇ ತನಗೆ ತಂಡ ನಡೆಸುವ ಅತಿಮಾನುಷ ಶಕ್ತಿ ಕೊಟ್ಟಿತೆಂದು ಹೇಳುತ್ತಾನೆ. ನಿಜಜೀವನದ ಸೋಷಾ ಆಗ ಲಾಸ್ ಏಂಜಲೀಸ್ ಏಂಜಲ್ಸ್ ತಂಡದ ವ್ಯವಸ್ಥಾಪಕರಾಗಿದ್ದರು. 'ಮನಿಬಾರ್ಟ್'ನ ವಸ್ತು ಮಕ್ಕಳ ತಂಡವನ್ನು ಅಂಕಿಸಂಖ್ಯೆಗಳಿಂದ ನಡೆಸುವ ಲೀಸಾಳಿಗೂ ಸ್ವಂತ ಅಂದಾಜನ್ನು ನಂಬುವ ಬಾರ್ಟ್‌ಗೂ ನಡೆಯುವ ಘರ್ಷಣೆ. ಅದರ ಬೀಜ ಹಳೆಯ ಕಂತಿನಲ್ಲೇ ಇದೆ: ಎಡಗೈ ಪಿಚರ್ ಎದುರು ಎಡಗೈ ಬ್ಯಾಟರ್ ಬೇಡ, ಶೇಕಡಾವಾರು ಲೆಕ್ಕ ಬಲಗೈಯವನ ಪರ ಎಂಬುದೇ ಸ್ಟ್ರಾಬೆರಿಯನ್ನು ಹಿಂದೆಗೆಯಲು ಬರ್ನ್ಸ್ ಕೊಡುವ ಕಾರಣ. ಲೆಕ್ಕದ ಪ್ರಕಾರ ಅವನು ಸರಿ. ಎದುರಿಗಿರುವ ಮನುಷ್ಯ ಅಂದು ಒಂಬತ್ತು ಹೋಮ್‌ರನ್ ಹೊಡೆದಿದ್ದಾನೆಂಬುದು ಮಾತ್ರ ಆ ಲೆಕ್ಕಕ್ಕೆ ಕಾಣದು. ಉಳಿದ ಏಳು ಮಂದಿಯ ಆಪತ್ತುಗಳಿಗೆ ಕಥೆಯಲ್ಲಿ ಪರಿಹಾರ ದೊರೆಯುವುದಿಲ್ಲ; ಸ್ಮಿತ್ ಬಿದ್ದ ಪಾತಾಳದಿಂದ ಮೇಲೆ ಬರುವುದನ್ನು ಕಂತು ತೋರಿಸುವುದೇ ಇಲ್ಲ.

ನಿರ್ಮಾಣ ಮತ್ತು ಪ್ರಸಾರ

ಒಂಬತ್ತು ಮಂದಿಯ ಧ್ವನಿಮುದ್ರಣಕ್ಕೆ ಸುಮಾರು ಆರು ತಿಂಗಳು ಹಿಡಿಯಿತು. ಅವರವರ ತಂಡ ಲಾಸ್ ಏಂಜಲೀಸ್ ಪ್ರದೇಶಕ್ಕೆ ಆಡಲು ಬಂದಾಗ ಒಬ್ಬೊಬ್ಬರನ್ನಾಗಿ ಕರೆಸಿಕೊಳ್ಳಲಾಯಿತು. ಕ್ಯಾನ್ಸೆಕೊಗೆ ಮೊದಲು ಬರೆದಿದ್ದ ಪ್ರಸಂಗ ಶಿಕ್ಷಕಿ ಎಡ್ನಾ ಕ್ರಬಾಪಲ್‌ಳೊಡನೆ ಪ್ರಣಯದ್ದಾಗಿತ್ತು. ಅದಕ್ಕೆ ಆಕ್ಷೇಪ ಬಂದುದರಿಂದ ಬೆಂಕಿಯ ದೃಶ್ಯ ರೂಪುಗೊಂಡಿತು. 'ನರಬಲದ ಟಾನಿಕ್' ಕುಡಿದು ಗ್ರಿಫಿಯ ತಲೆ ಊದಿಕೊಳ್ಳುವ ದೃಶ್ಯ 1992ರಲ್ಲಿ ಹಳೆಯ ಕಾಲದ ನಕಲಿ ಔಷಧಗಳ ಅಣಕವಾಗಿತ್ತು. ಬೇಸ್‌ಬಾಲಿನಲ್ಲಿ ಉತ್ತೇಜಕಗಳ ಬಳಕೆ ಬಯಲಾದ ಬಳಿಕ ನೋಡುವವರಿಗೆ ಅದು ಬೇರೆಯೇ ಅರ್ಥ ಕೊಡುತ್ತದೆ. ಗ್ರಿಫಿಯ ಮೇಲೆ ಅಂಥ ಆರೋಪವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ತಾನು ಬಳಸಿದ್ದೆನೆಂದು 2005ರಲ್ಲಿ ಪುಸ್ತಕ ಬರೆದು ಒಪ್ಪಿಕೊಂಡವರು ಕ್ಯಾನ್ಸೆಕೊ.

ಪ್ರಸಾರದ ರಾತ್ರಿ ಎನ್‌ಬಿಸಿಯಲ್ಲಿ 'ದ ಕಾಸ್ಬಿ ಶೋ', ಸಿಬಿಎಸ್‌ನಲ್ಲಿ ಆಲ್ಬರ್‌ವಿಲ್ ಚಳಿಗಾಲದ ಒಲಿಂಪಿಕ್ಸ್ ಇದ್ದವು. 'ಸಿಂಪ್ಸನ್ಸ್' ವೀಕ್ಷಕರ ಸಂಖ್ಯೆಯಲ್ಲಿ 'ಕಾಸ್ಬಿ'ಯನ್ನು ಹಿಂದಿಕ್ಕಿದ್ದು ಅದೇ ಮೊದಲು.

ಒಂಬತ್ತು ಮಂದಿಯಲ್ಲಿ ಮೂವರು, ಅಂದರೆ ಸ್ಮಿತ್ (2002), ಬಾಗ್ಸ್ (2005) ಮತ್ತು ಗ್ರಿಫಿ (2016), ಮುಂದೆ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಕಂತಿನ ಇಪ್ಪತ್ತೈದನೆಯ ವರ್ಷದ ನೆನಪಿಗೆ 2017ರ ಮೇ 27ರಂದು ಅದೇ ಸಂಸ್ಥೆ ಹೋಮರ್ ಸಿಂಪ್ಸನ್‌ನನ್ನು ಗೌರವಾರ್ಥವಾಗಿ ಸೇರಿಸಿಕೊಂಡು ಸಮಾರಂಭ ನಡೆಸಿತು. ಜೋ ಜಾಕ್ಸನ್ ಮತ್ತು ಪೀಟ್ ರೋಸ್ ಆಗಿನ್ನೂ ನಿಷೇಧದ ಪಟ್ಟಿಯಲ್ಲೇ ಇದ್ದರು.